ಟಾಲೋ ಗುಡ್ಡದ ಈ ಕಡೆ

ಬೆಲ್ ಕ್ರೀಕ್, ಮೊಂಟಾನಾ
ನವೆಂಬರ್ ಹದಿನೆಂಟು, ಮಂಗಳವಾರ

ಪ್ರೀತಿಯ ವೆಂಡೆಲ್,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದೆ, ಆಮೇಲೆ ಮತ್ತೆ ಬರೆದೆ. ಬೇರೆ ಹಾಳೆ ತೆಗೆದುಕೊಳ್ಳುವ ತಾಳ್ಮೆ ನನಗಿಲ್ಲ ಅಂತ ನಿನಗೆ ಗೊತ್ತೇ ಇದೆ. ಹೊಡೆದದ್ದೂ ಕಾಣುತ್ತದೆ, ಬರೆದದ್ದೂ ಕಾಣುತ್ತದೆ. ಯಾವುದು ಬೇಕೋ ಅದನ್ನು ಓದಿಕೋ.

ಈ ಕಾಗದದ ಜೊತೆ ನಿನ್ನ ಕಂದು ಉಣ್ಣೆ ಕೋಟು ಬರುತ್ತಿದೆ. ಮನೆ ಬಿಟ್ಟು ಹೋಗುವಾಗ ಬಂದೂಕು, ಮೀನಿನ ಗಾಳ, ಸತ್ತ ನಿನ್ನ ಅಣ್ಣನ ಫೋಟೋ ಎಲ್ಲ ನೆನಪಿನಿಂದ ಎತ್ತಿಕೊಂಡು ಹೋದ ಮಹಾರಾಯ ಕೋಟೊಂದನ್ನು ಮರೆತಿದ್ದೆ. ಮೊದಲ ಚಳಿಗಾಲ ನಾನು ಬೇಕೆಂದೇ ಕಳಿಸಲಿಲ್ಲ. ಬೇಕಾದರೆ ಬಂದು ತೊಗೊಂಡು ಹೋಗಲಿ ಅನ್ನುವ ಹಟ. ಎರಡನೆಯ ಚಳಿಗಾಲವೂ ಅದೇ ಹಟ. ಈ ಸಲ ಬಗಲಲ್ಲಿ ಬಿಟ್ಟಿದ್ದ ಹೊಲಿಗೆ ಹಾಕಿಸಿ, ಬ್ರಷ್ ಹೊಡೆದು, ಟಪಾಲಿನ ಡೋರೀನ್ ಕೈಗೆ ಕೊಟ್ಟಿದ್ದೇನೆ. ಡ್ರೈ ಫೋರ್ಕಿನಲ್ಲಿ ನಿನ್ನ ಅಣ್ಣ ಬಿಟ್ಟುಹೋದ ಆ ಟ್ರೇಲರ್ ಮನೆಯೊಳಗೆ ಬೆಚ್ಚಗಿರುವವನಿಗೆ ಕೋಟು ಯಾಕೆ ಅಂತ ಕೇಳಬೇಡ. ಸುಮ್ಮನೆ ಹಾಕಿಕೋ.

ಇನ್ನು ವಿಷಯ. ಇಡೀ ಜನ್ಮ ರೇಡಿಯೋದಲ್ಲಿ ಸುದ್ದಿ ಓದಿದವಳು ನಾನು, ಮೊದಲ ವಾಕ್ಯದಲ್ಲೇ ಸುದ್ದಿ ಹೇಳಬೇಕಿತ್ತು. ಕೋಟಿನ ಕಥೆ ಹೇಳುತ್ತ ಕೂತೆ.

ಈ ಶುಕ್ರವಾರ ಬೆಳಿಗ್ಗೆ ನಾನು ಕೊನೆಯ ಸಲ ಮೈಕಿನ ಮುಂದೆ ಕೂರುತ್ತೇನೆ. ಸೋಮವಾರದಿಂದ ನಮ್ಮ ರೇಡಿಯೋ ನಿಲಯದಲ್ಲಿ ಮನುಷ್ಯರು ಯಾರೂ ಇರುವುದಿಲ್ಲ. ಆದರೆ ನನ್ನ ದನಿ ಮಾತ್ರ ಇರುತ್ತದಂತೆ.

ನಿಲಯವನ್ನು ದಕ್ಷಿಣದ ಯಾವುದೋ ಕಂಪನಿ ಕೊಂಡುಕೊಂಡಿತು ಅನ್ನುವುದು ನಿನ್ನ ಕಿವಿಗೂ ಬಿದ್ದಿರಬೇಕು. ಅವರ ಕಡೆಯಿಂದ ಬ್ರೈಸ್ ಅಂತ ಒಬ್ಬ ಹುಡುಗ ಬಂದಿದ್ದಾನೆ. ಒಳ್ಳೆಯವನೇ ಪಾಪ. ನವೆಂಬರ್ ತಿಂಗಳಲ್ಲಿ ಬೆಲ್ ಕ್ರೀಕಿಗೆ ಬಿಳಿ ಬಟ್ಟೆಯ ಬೂಟು ಹಾಕಿಕೊಂಡು ಬಂದಿದ್ದ ಅಂದರೆ ನೀನೇ ಲೆಕ್ಕ ಹಾಕು. ನಿಲಯದ ಕಪಾಟಿನಲ್ಲಿ ಬಿದ್ದಿದ್ದ ನನ್ನ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಒಂದು ಯಂತ್ರಕ್ಕೆ ತಿನ್ನಿಸಿದ್ದಾರೆ. ಈಗ ಯಾವ ಕಾಗದ ಕೊಟ್ಟರೂ ಅದು ನನ್ನ ದನಿಯಲ್ಲಿ ಓದುತ್ತದೆ. ಹವಾಮಾನ, ಶಾಲೆಯ ಮಧ್ಯಾಹ್ನದ ಊಟ, ದನದ ಸಂತೆ, ಸಾವಿನ ಸುದ್ದಿ ಎಲ್ಲವನ್ನೂ. ನನ್ನ ಒಪ್ಪಿಗೆ ಬೇಡವೇ ಅಂತ ಕೇಳಿದೆ. ಟೇಪುಗಳು ನಿಲಯದ್ದು, ನಿಲಯ ಅವರದು, ವಕೀಲರನ್ನು ಕೇಳಿ ಆಗಿದೆ ಅಂದ. ಆಮೇಲೆ ನನಗೆ ಬೇಸರವಾಗಬಾರದು ಅಂತ, “ನೀವು ರಿಟೈರ್ ಆಗ್ತಿಲ್ಲ ಆರ್ಡಿಸ್, ಅಮರ ಆಗ್ತಿದೀರಿ” ಅಂದ.

“ಅಮರ ಆಗೋಕೆ ಮೊದಲು ಸಾಯ್ಬೇಕಲ್ಲಪ್ಪಾ” ಅಂದೆ.

ಅವನು ಯಂತ್ರ ಹಾಕಿ ತೋರಿಸಿದ. ವೆಂಡೆಲ್, ನಾನು ಹೆದರಿಬಿಟ್ಟೆ. ಅದು ನಾನೇ. ಬೆಳಗಿನ ನನ್ನ ಗಂಟಲಿನ ಕರಕರವೂ ಇತ್ತು. ‘ಬುಧವಾರ’ ಅನ್ನುವಾಗ ಕೊನೆಯಲ್ಲಿ ಎಳೆಯುತ್ತೇನೆ ಅಂತ ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಅದೂ ಹಾಗೆಯೇ ಎಳೆಯಿತು. ಪರೀಕ್ಷೆಗೆ ಅಂತ ಅವನು ಕೊಟ್ಟಿದ್ದ ಕಾಗದ ಯಾವುದು ಗೊತ್ತೇ? ಹೋದ ತಿಂಗಳು ನಾನು ಓದಿದ, ಕೌಂಟಿ ಕಚೇರಿಯ ಓಪಲ್‌ಳ ಸಾವಿನ ಸುದ್ದಿ. ಯಂತ್ರ ಓಪಲ್‌ಳ ಹೆಸರು ಓದಿ, ನಿಲ್ಲದೆ, ಅದೇ ಉಸಿರಿನಲ್ಲಿ ಚರ್ಚಿನ ವಿಳಾಸ ಓದಿ, ಹೂವಿನ ಬದಲು ಗ್ರಂಥಾಲಯಕ್ಕೆ ಕಾಣಿಕೆ ಕೊಡಿ ಅಂತ ಹೇಳಿ, ಮೋಡ ಕವಿದ ವಾತಾವರಣ ಅಂತ ಶುರು ಮಾಡಿತು.

ನಿಲಯದ ಹಳೆಯ ಯಜಮಾನರು ಹೋವ್‌ಲ್ಯಾಂಡ್ ನನಗೆ ಕಲಿಸಿದ ಮೊದಲ ಪಾಠ ನಿನಗೆ ಹೇಳಿದ್ದೆ. ರೇಡಿಯೋದಲ್ಲಿ ಸದ್ದಿಲ್ಲದೆ ಇರುವುದು ಮಹಾಪಾಪ, ಎಂದೂ ಮೌನ ಬಿಡಬಾರದು. ಆದರೆ ಸತ್ತವರ ಹೆಸರು ಓದಿದ ಮೇಲೆ ಒಂದು ಉಸಿರು ಬಿಡಬೇಕು. “ಅಡುಗೆಮನೆಯಲ್ಲಿ ಕೇಳ್ತಾ ನಿಂತಿರ್ತಾರೆ ಕಣಮ್ಮ. ಕೈಯಲ್ಲಿರೋ ತಟ್ಟೆ ಕೆಳಗಿಡೋಕಾದ್ರೂ ಅವರಿಗೆ ಹೊತ್ತು ಬೇಡ್ವಾ” ಅನ್ನುತ್ತಿದ್ದರು. ಅಂದಿನಿಂದ ಇಂದಿನವರೆಗೆ ನಾನು ಅದನ್ನು ತಪ್ಪಿಸಿಲ್ಲ. ಬ್ರೈಸ್‌ನಿಗೆ ಆ ಉಸಿರು ಎಲ್ಲಿ ಹೋಯಿತು ಅಂತ ಕೇಳಿದೆ. “ಓ ಅದಾ, ಖಾಲಿ ಜಾಗ ಇತ್ತು, ಯಂತ್ರಾನೇ ತೆಗೆದುಹಾಕುತ್ತೆ” ಅಂದ, ಹೆಮ್ಮೆಯಿಂದ. ಅವನ ಮೇಲೆ ಕೋಪ ಬರಲಿಲ್ಲ. ಅವನ ಮನೆಯಲ್ಲಿ ಇನ್ನೂ ಯಾರೂ ಸತ್ತಿಲ್ಲ ಅಂತ ಕಾಣುತ್ತದೆ.

ಅದಕ್ಕೇ ಈ ಕಾಗದ. ಸೋಮವಾರದಿಂದ ಕೇಳಿಸುವುದು ನಾನಲ್ಲ ಅಂತ ನಿನಗೆ ತಿಳಿದಿರಬೇಕು. ನಮ್ಮ ನಿಲಯ ಟಾಲೋ ಗುಡ್ಡ ದಾಟುವುದಿಲ್ಲ, ಡ್ರೈ ಫೋರ್ಕಿನಲ್ಲಿ ನಿನಗೆ ಅದು ಸಿಗುವುದೇ ಇಲ್ಲ, ಅದೂ ನನಗೆ ಗೊತ್ತು. ಆದರೂ ಎಂದಾದರೂ ಟೈರು ಬದಲಿಸಲಿಕ್ಕೋ ಹಲ್ಲು ತೋರಿಸಲಿಕ್ಕೋ ಈ ಕಡೆ ಬಂದಾಗ ರೇಡಿಯೋ ತಿರುಗಿಸಿ, ಓಹೋ ಆರ್ಡಿಸ್ ಚೆನ್ನಾಗಿದ್ದಾಳೆ, ಅದೇ ಕುರ್ಚಿ, ಅದೇ ಮಾತು ಅಂದುಕೊಂಡು ಹೋಗಿಬಿಡಬಾರದಲ್ಲ. ನಾನು ಸತ್ತ ದಿನವೂ ಅದು ‘ಶುಭೋದಯ ಬೆಲ್ ಕ್ರೀಕ್’ ಅನ್ನುತ್ತದೆ ವೆಂಡೆಲ್. ನನ್ನ ಸಾವಿನ ಸುದ್ದಿಯನ್ನು ನನ್ನ ದನಿಯಲ್ಲೇ ಓದುತ್ತದೆ.

ಗುರುತು ಹಿಡಿಯುವುದು ಸುಲಭ. ಹೆಸರಿನ ನಂತರ ಉಸಿರು ಇರುವುದಿಲ್ಲ. ಇನ್ನೊಂದು, ಹವಾಮಾನದ ಕೊನೆಯಲ್ಲಿ ಡ್ರೈ ಫೋರ್ಕ್ ಇರುವುದಿಲ್ಲ.

ಹೌದು, ನಾನು ದಿನಾ ಡ್ರೈ ಫೋರ್ಕಿನ ಚಳಿ ಎಷ್ಟು ಅಂತ ಓದುತ್ತೇನೆ. ಅದಕ್ಕೆ ಬೇರೆ ಅರ್ಥ ಕಟ್ಟಬೇಡ. ಬ್ರೈಸ್ ಕೂಡ ಕೇಳಿದ, ಗುಡ್ಡದಾಚೆ ನಮ್ಮ ಕೇಳುಗರೇ ಇಲ್ಲ, ಅಲ್ಲಿಯ ಚಳಿ ಯಾರಿಗೆ ಬೇಕು ಅಂತ. ಬೇಟೆಗೆ ಹೋಗುವವರಿಗೆ ಬೇಕು ಅಂದೆ. ಬೇಟೆ ಕಾಲ ಮುಗಿದ ಮೇಲೂ ಓದಿದ್ದೀರಲ್ಲ, ಜೂನ್ ತಿಂಗಳಲ್ಲೂ ಓದಿದ್ದೀರಲ್ಲ ಅಂದ. ಹಾಳು ಹುಡುಗ, ಟೇಪುಗಳನ್ನೆಲ್ಲ ಕೇಳಿಸಿಕೊಂಡಿದ್ದಾನೆ. ನಮ್ಮೂರಿನ ಮೊಲಗಳಿಗೆ ಎಲ್ಲ ಕಾಲವೂ ಒಂದೇ ಅಂದೆ. ಅವನು ಯಂತ್ರದ ಪಟ್ಟಿಯಿಂದ ಡ್ರೈ ಫೋರ್ಕನ್ನು ಅಳಿಸಿದ.

ಓಪಲ್‌ಳ ಮಣ್ಣಿಗೆ ನೀನು ಬಂದಿದ್ದೆ. ನಾನು ನೋಡಿದೆ. ಸ್ಮಶಾನದ ಬೇಲಿಯ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ, ನಾನು ಜನರನ್ನು ದಾಟಿ ಬರುವಷ್ಟರಲ್ಲಿ ಮಾಯ. ಚರ್ಚಿನ ತಳಮನೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇತ್ತು, ನಿನಗೆ ಇಷ್ಟವಾದ, ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್ ಇತ್ತು, ಒಂದು ತುತ್ತು ತಿಂದು ಹೋಗಿದ್ದರೆ ಭೂಮಿ ಬಾಯಿ ಬಿಡುತ್ತಿರಲಿಲ್ಲ. ಪೆಟ್ಟಿಗೆ ಹೊತ್ತವರು ಯಾರು ಗೊತ್ತೇ? ಮೂರು ಜನ ಲೋಯಿಸಳ ಕೆಫೆಯ ಕಿಟಕಿ ಮೇಜಿನವರು, ಮೂರು ಜನ ಅಡುಗೆಮನೆ ಮೇಜಿನವರು. ನೀನು ಹೋದ ಮೇಲೆ ಅಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದ ಆ ಉದ್ದನೆಯ ಮೇಜು ಒಡೆದು ಎರಡಾಗಿದೆ. ಒಂದು ಪಕ್ಷದವರು ಕಿಟಕಿ ಹತ್ತಿರ, ಇನ್ನೊಂದು ಪಕ್ಷದವರು ಅಡುಗೆಮನೆ ಹತ್ತಿರ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಇವರು ಮೊಟ್ಟೆ ತುಟ್ಟಿ ಅಂದರೆ ಅವರು ಅಗ್ಗ ಅನ್ನುತ್ತಾರೆ. ಕಾಫಿ ಹಾಕಲು ಹೋದ ಲೋಯಿಸಳನ್ನು ಎರಡೂ ಕಡೆಯವರು ಗುಟ್ಟಾಗಿ, “ಅಲ್ಲೇನು ಮಾತಾಡ್ತಿದಾರೆ” ಅಂತ ಕೇಳುತ್ತಾರಂತೆ. “ಮಂಡಿ ನೋವಿನ ವಿಷ್ಯ ಕಣ್ರೋ, ನಿಮ್ದೂ ಅದೇ ತಾನೇ” ಅಂದಳಂತೆ ಅವಳು. ನಾನು ಸಾವಿನ ಸುದ್ದಿ ಓದುವ ಹೊತ್ತಿಗೆ ಮಾತ್ರ ಎರಡೂ ಮೇಜು ತೆಪ್ಪಗಾಗಿ, ರೇಡಿಯೋ ಜೋರು ಮಾಡು ಅನ್ನುತ್ತವೆ. ಸತ್ತವರು ಯಾವ ಪಕ್ಷ ಅಂತ ಇದುವರೆಗೆ ಯಾರೂ ನನಗೆ ಬರೆದು ಕಳಿಸಿಲ್ಲ.

ಓಪಲ್‌ಳ ಹೆಸರು ಓದಿದ ಮೇಲೆ ಒಂದು ಉಸಿರು ಸಾಲಲಿಲ್ಲ. ಎರಡಾಯಿತು, ಮೂರಾಯಿತು. ಕೊನೆಗೆ ಹಾಡೊಂದನ್ನು ಹಾಕಿ ಆಚೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಮ್ಮಿಬ್ಬರ ನಡುವಿನ ಗೋಡೆಯ ಮೊದಲ ಕಲ್ಲು ಅವಳ ಮನೆ ಬಾಗಿಲಲ್ಲೇ ಬಿತ್ತು. ಅವಳೇನು ಮಾಡಿದ್ದಳು ಪಾಪ. ಕೌಂಟಿ ಕಚೇರಿಯಲ್ಲಿ ಕೂದಲು ಹಣ್ಣಾಗುವವರೆಗೆ ಓಟು ಎಣಿಸಿದಳು. ಆ ವರ್ಷ ಎಲ್ಲಿಯೋ ದೂರದ ನಗರದಲ್ಲಿ ಕೂತು ನಿನ್ನ ಆ ರೇಡಿಯೋ ಕೂಗುಮಾರಿ, ಇಂಥ ಸಣ್ಣ ಊರುಗಳ ಗುಮಾಸ್ತರೇ ಓಟು ಕಳ್ಳರು ಅಂತ ದಿನವಿಡೀ ಕೂಗಿದ. ಅವನ ಹೆಸರು ನಾನು ಬರೆಯುವುದಿಲ್ಲ, ಅವನೂ ನನ್ನ ಹಾಗೆ ಮೈಕಿನಿಂದ ಅನ್ನ ತಿನ್ನುವವನು ಅಂತ ನೆನೆದರೆ ಮೈ ಉರಿಯುತ್ತದೆ. ಅವನ ದನಿಗೆ ಯಾವ ಗುಡ್ಡವೂ ಅಡ್ಡ ಬರುವುದಿಲ್ಲ ನೋಡು, ಡ್ರೈ ಫೋರ್ಕಿನಲ್ಲೂ ಸಿಗುತ್ತಾನೆ. ನನ್ನ ದನಿ ಟಾಲೋ ಗುಡ್ಡದ ನೆತ್ತಿಗೆ ಹೋಗಿ ನಿಂತುಬಿಡುತ್ತದೆ.

ಎರಡೂ ಪಕ್ಷದವರು ಪಕ್ಕದಲ್ಲಿ ಕೂತು ಮತ್ತೆ ಎಣಿಸಿದರು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಎಣಿಕೆ ಸರಿಯಾಗಿತ್ತು, ಸರಿಯಾಗಿದೆ ಅಂತ ನಾನು ಸುದ್ದಿ ಓದಿದೆ. ಆ ಭಾನುವಾರ ಚರ್ಚು ಬಿಟ್ಟ ಮೇಲೆ ಗಂಡಸರೆಲ್ಲ ಹೋಗಿ ಓಪಲ್‌ಳ ಅಂಗಳದ ಮುಂದೆ ನಿಂತರು. ನೀನೂ ನಿಂತೆ. ನೀನು ಕೂಗಲಿಲ್ಲ, ಜೇಬಿನಲ್ಲಿ ಕೈ ಇಟ್ಟುಕೊಂಡು ಹಿಂದೆ ನಿಂತಿದ್ದೆ ಅಂತ ಓಪಲ್‌ಳೇ ನನಗೆ ಹೇಳಿದಳು. ಅವಳು ಏಪ್ರನ್ನಿನಲ್ಲೇ ಹೊರಗೆ ಬಂದು, “ಕಾಫಿ ಬೇಕೇನ್ರೋ? ಏ ವೆಂಡೆಲ್, ನಿನ್ನ ಮದುವೆ ಲೈಸೆನ್ಸಿಗೆ ಸಹಿ ಹಾಕಿದವಳು ನಾನೇ ಕಣೋ. ಅದೂ ಸುಳ್ಳಾ ಹೇಳು, ಈಗ್ಲೇ ಹರಿದು ಹಾಕ್ತೀನಿ” ಅಂದಳಂತೆ. ಆಮೇಲೆ ಅವಳು ಹೆಚ್ಚು ದಿನ ಕೆಲಸದಲ್ಲಿ ಉಳಿಯಲಿಲ್ಲ. ಆ ಅಂಗಳದ ಕಡೆಯ ಪರದೆಯನ್ನು ಸಾಯುವವರೆಗೆ ತೆಗೆಯಲಿಲ್ಲ.

ಅದೇ ದಿನ ಊಟದ ಮೇಜಿನಲ್ಲಿ ನೀನು ‘ನಿಮ್ಮ ಜನ’ ಅಂದೆ. ಸುದ್ದಿಯವರು, ನಿಮ್ಮ ಜನ ಎಲ್ಲ ಒಂದೇ ಅಂದೆ. ನಾನು ಯಾರ ಜನ ವೆಂಡೆಲ್? ನಿನ್ನ ತಾಯಿಗೆ ಕೊನೆಗಾಲದಲ್ಲಿ ಗಂಜಿ ಕುಡಿಸಿದವಳು ನಾನು. ಆ ಮಾತಿಗೆ ನಾನು ತಿರುಗಿಸಿ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪಿದೆ, ನನಗೆ ನೆನಪಿದೆ, ಕಾಗದಕ್ಕೆ ಯಾಕೆ ಗೊತ್ತಾಗಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಉಣ್ಣಲೂ ಇಲ್ಲ, ಮಲಗಲೂ ಇಲ್ಲ. ನೀನು ತಟ್ಟೆ ಸರಿಸಿ ಎದ್ದೆ, ನಾನು ಎದ್ದವನನ್ನು ಕೂರು ಅನ್ನಲಿಲ್ಲ.

ನನ್ನ ಕಡೆಯವರು ಸಾಚಾ ಅಂತ ನಾನು ಹೇಳುವುದಿಲ್ಲ. ಪ್ರತಿ ಚುನಾವಣೆ ಆದ ಮೇಲೆ ನ್ಯೂಯಾರ್ಕಿನಿಂದಲೋ ಎಲ್ಲಿಂದಲೋ ಪತ್ರಕರ್ತರು ಬಂದು ಲೋಯಿಸಳ ಕೆಫೆಯಲ್ಲಿ ಕೂರುತ್ತಾರೆ. ಅವರಿಗೆ ಒಬ್ಬ ಟೋಪಿ ಹಾಕಿದ ಸಿಟ್ಟಿನ ಮುದುಕ ಬೇಕು. ಸಿಕ್ಕರೆ ಅವನ ಫೋಟೋ ತೆಗೆದು, ಸೇಬಿನ ಪೈ ತಿಂದು, ಇಲ್ಲಿಯವರು ಸಿಟ್ಟಿನಲ್ಲಿದ್ದಾರೆ ಅಂತ ಬರೆದು ವಿಮಾನ ಹತ್ತುತ್ತಾರೆ. ಹೋದ ಸಲ ಒಬ್ಬಳು ನನ್ನ ಹತ್ತಿರವೂ ಬಂದಿದ್ದಳು, ನೀವು ಹಳೆಯ ರೇಡಿಯೋದವರು, ಅಮೆರಿಕಕ್ಕೆ ಏನಾಗಿದೆ ಹೇಳಿ ಅಂತ. ಅಮೆರಿಕಕ್ಕೆ ಏನಾಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕಮ್ಮ, ನನ್ನ ಅಡುಗೆಮನೆಗೆ ಏನಾಗಿದೆ ಅಂತಲೇ ಗೊತ್ತಾಗಿಲ್ಲ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಬದಲಿಗೆ ನಾನು ಕಂಡದ್ದನ್ನು ಹೇಳಿದೆ. ಮೊದಲು ನಾವು ಸುದ್ದಿ ಕೇಳಿ ಸಿಟ್ಟಾಗುತ್ತಿದ್ದೆವು. ಈಗ ಸಿಟ್ಟು ಬೇಕಾದಾಗ ಸುದ್ದಿ ಹಾಕಿಕೊಳ್ಳುತ್ತೇವೆ. ಮೊದಲು ಮಂದಿ ಮಾತಾಡಲು ಬೇಲಿ ಹತ್ತಿರ ಬರುತ್ತಿದ್ದರು, ಈಗ ಬೇಲಿಗೆ ಪಕ್ಷದ ಬೋರ್ಡು ಕಟ್ಟಿ ಒಳಗೆ ಹೋಗುತ್ತಾರೆ. ಇವನು ಯಾರಿಗೆ ಓಟು ಹಾಕಿದ ಅಂತ ಗೊತ್ತಾದ ಮೇಲೆ ಅವನ ಬಗ್ಗೆ ತಿಳಿಯುವುದು ಇನ್ನೇನೂ ಉಳಿದಿಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತೇವೆ. ಅವಳು ಅದನ್ನು ಬರೆಯಲಿಲ್ಲ. ಟೋಪಿ ಮುದುಕನೊಬ್ಬ ಸಿಕ್ಕಿದ್ದ ಅಂತ ಕಾಣುತ್ತದೆ.

ಪುಸ್ತಕ ಓದುವ ಹೆಂಗಸರ ಗುಂಪಿಗೂ ನಾನೀಗ ಹೋಗುತ್ತಿಲ್ಲ. ನೀನು ಹೋದ ವಾರ ಅವರೆಲ್ಲ ನನ್ನ ಬೆನ್ನು ತಟ್ಟಿ, “ಒಳ್ಳೇದೇ ಆಯ್ತು ಬಿಡು ಆರ್ಡಿಸ್, ಅಂಥವನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆಯೋ” ಅಂದರು. ಅಂಥವನು! ಅವರಲ್ಲಿ ಇಬ್ಬರ ಮನೆ ಬಾವಿಯ ಪಂಪು ಹಿಮದಲ್ಲಿ ನಿಂತು ರಿಪೇರಿ ಮಾಡಿದವನು ನೀನು. ನನ್ನ ಗಂಡನನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇರುವುದು ಅಂತ ಹೇಳಿ ಎದ್ದು ಬಂದೆ. ಹಾಗಾಗಿ ಈಗ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಬೆಳಿಗ್ಗೆ ಊರಿಗೆಲ್ಲ ಮಾತಾಡಿ ಮನೆಗೆ ಬಂದರೆ ಒಂದು ಮಾತಿಗೆ ಜನವಿಲ್ಲ. ಮೊನ್ನೆ ಒಲೆಗೆ ನಾಳಿನ ಹವಾಮಾನ ಹೇಳುತ್ತ ನಿಂತಿದ್ದೆ, ನೆರೆಮನೆಯ ನಾಯಿ ಕಿಟಕಿಯಿಂದ ನನ್ನನ್ನು ವಿಚಿತ್ರವಾಗಿ ನೋಡಿತು.

ಒಲೆ ಅಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ಊರಿನವರು ಫೋನಿನಲ್ಲಿ ಹಳೆಯ ಸಾಮಾನು ಮಾರುವ ನನ್ನ ‘ಕೊಡು-ಕೊಳ್ಳು’ ಕಾರ್ಯಕ್ರಮಕ್ಕೂ ಶುಕ್ರವಾರವೇ ಕೊನೆ. ಯಂತ್ರಕ್ಕೆ ಓದಲು ಬರುತ್ತದೆ, ಫೋನು ಎತ್ತಿ ಜನರ ಹತ್ತಿರ ಜಗಳ ಆಡಲು ಬರುವುದಿಲ್ಲ. ನನ್ನ ನಿಯಮ ನಿನಗೆ ಗೊತ್ತಲ್ಲ: ವಸ್ತು ಹೇಳಿ, ನಂಬರ್ ಹೇಳಿ, ರಾಜಕೀಯ ಎತ್ತಿದರೆ ಫೋನ್ ಇಡುತ್ತೇನೆ. ಹೋದ ವಾರ ಎಲ್ಮರ್ ಸ್ಟ್ರೂಬ್ ತನ್ನ ಹುಂಜ ಮಾರಲು ಫೋನ್ ಮಾಡಿದ. ಯಾಕೆ ಮಾರುತ್ತೀಯ ಅಂದೆ. “ಹಗಲೂ ರಾತ್ರಿ ಕೂಗುತ್ತೆ ಕಣಮ್ಮ, ಯಾರ ಮಾತೂ ಕೇಳಲ್ಲ, ಇದನ್ನ ವಾಷಿಂಗ್ಟನ್ನಿಗೆ...” ಅನ್ನುವಷ್ಟರಲ್ಲಿ ಫೋನ್ ಇಟ್ಟೆ. ಎರಡೂ ಮೇಜಿನವರು ನಕ್ಕರಂತೆ. ಯಾವ ಪಕ್ಷಕ್ಕೆ ಅಂದದ್ದು ಅಂತ ತಿಳಿಯುವ ಮೊದಲೇ ನಾನು ಫೋನ್ ಇಟ್ಟಿದ್ದೆನಲ್ಲ, ಅದಕ್ಕೇ ಇಬ್ಬರೂ ನಗಲು ಸಾಧ್ಯವಾಯಿತು.

ಹುಂಜ ಮಾರುವ ಎಲ್ಮರನೇ ವಾಸಿ. ಇಲ್ಲದ ವಸ್ತುವನ್ನು ಮಾರಿದವನು ನಮ್ಮೂರಲ್ಲಿ ನೀನೊಬ್ಬನೇ. ಆಗ ನಾನು ಹೊಸಬಳು. ಪ್ರತಿ ಗುರುವಾರ ಒಬ್ಬ ಕರೆ ಮಾಡಿ ಬೀಡುಕಬ್ಬಿಣದ ಒಲೆ ಮಾರುತ್ತಿದ್ದ. ಯಾರಾದರೂ ಕೊಳ್ಳಲು ಬಂದರೆ ಮಾರಿಹೋಯಿತು ಅನ್ನುವುದು, ಮುಂದಿನ ಗುರುವಾರ ಅದೇ ಒಲೆಯನ್ನು ಇನ್ನೂ ತುಟ್ಟಿ ಮಾಡಿ ಮಾರಲು ಬರುವುದು. ಒಲೆಯ ಬಾಗಿಲು ಹೇಗಿದೆ, ಕಾಲು ಹೇಗಿದೆ ಅಂತ ನಾನು ಕೇಳುವುದು, ನೀನು ಬಣ್ಣಿಸುವುದು. ಊರಿಗೆ ಊರೇ ಕಿವಿಗೊಟ್ಟು ಕೇಳುತ್ತಿತ್ತು. ಕೊನೆಗೆ ನನಗೇ ತಡೆಯಲಾಗಲಿಲ್ಲ. ಎಲ್ಲರೂ ಕೇಳುತ್ತಿರುವಾಗಲೇ, “ರೀ ಸ್ವಾಮಿ, ಆ ಒಲೆ ನಾನೇ ತಗೋತೀನಿ, ಶನಿವಾರ ತಂದ್ಕೊಡಿ” ಅಂದುಬಿಟ್ಟೆ. ಎರಡು ಕೌಂಟಿ ಅಲೆದು, ಬಾಗಿಲು ನೀನು ಹೇಳಿದ ಹಾಗೇ ಇರುವ ಒಲೆ ಹುಡುಕಿ ಶನಿವಾರ ಸಂಜೆ ತಂದೆಯಲ್ಲ, ಬೆನ್ನು ಹಿಡಿದುಕೊಂಡಿತ್ತು ನಿನಗೆ. ನನ್ನ ತಾಯಿ ಎಣ್ಣೆ ಹಚ್ಚಿದಳು. ಆ ಒಲೆ ಈಗಲೂ ಚೆನ್ನಾಗಿ ಉರಿಯುತ್ತದೆ. ಚಿಮಣಿ ಮಾತ್ರ ಕಟ್ಟಿಕೊಂಡಿದೆ, ನನ್ನಿಂದ ಹತ್ತಲಾಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಸಾವಿನ ಸುದ್ದಿ ಆದ ಮೇಲೆ ಫೋನು ತೆರೆದಿರುತ್ತದೆ. ನಂಬರ್ ಬದಲಾಗಿಲ್ಲ. ಮಾರುವುದು ಏನಾದರೂ ಇದ್ದರೆ ಕರೆ ಮಾಡು. ಇರಲೇಬೇಕು ಅಂತ ಏನೂ ಇಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾನು ಟರ್ಕಿ ಕೋಳಿ ತರುವುದಿಲ್ಲ. ಒಬ್ಬಳೇ ಟರ್ಕಿ ತಂದರೆ ಮಾರ್ಚ್ ತನಕ ಅದನ್ನೇ ತಿನ್ನುತ್ತ ಕೂರಬೇಕು. ಹೋದ ವರ್ಷ ಹಾಗೇ ಆಯಿತು. ತರುವುದಾದರೆ ಮುಂದಿನ ಬುಧವಾರದೊಳಗೆ ಅಂಗಡಿಗೆ ಹೇಳಬೇಕು, ಅಷ್ಟೇ ಹೇಳಿದೆ. ನಿನ್ನ ಮಾತು ತಪ್ಪು ಅಂತ ನಾನು ಈಗಲೂ ಅನ್ನುತ್ತೇನೆ, ನನ್ನದು ತಪ್ಪು ಅಂತ ನೀನೂ ಅನ್ನುತ್ತೀಯ. ಇರಲಿ. ಈ ದೇಶದ ತಕರಾರು ನಮ್ಮಿಬ್ಬರ ಮೇಜಿನ ಮೇಲೆ ತೀರುವಂಥದ್ದಲ್ಲ. ಅದು ತೀರುವ ತನಕ ನಾವು ಬದುಕಿರುವುದೂ ಇಲ್ಲ. ಅಲ್ಲಿಯವರೆಗೆ ಊಟ ಮಾಡದೆ ಇರಬೇಕೇ?

ನನಗೆ ತುಂಬ ಒಂಟಿ ಅನ್ನಿಸುತ್ತಿದೆ ವೆಂಡೆಲ್. ಇದನ್ನು ರೇಡಿಯೋದಲ್ಲಿ ಹೇಳಲಾಗುವುದಿಲ್ಲ, ಅದಕ್ಕೇ ಬರೆದೆ.

ಕೋಟಿನ ಒಳಜೇಬಿನಲ್ಲಿ ನಿನ್ನ ಕೈಗವಸು ಇದೆ. ಎಡಗೈಯದು ಮಾತ್ರ ಸಿಕ್ಕಿತು.

ಇನ್ನೂ ನಿನ್ನ ಮನೆಯಲ್ಲೇ ಇರುವ,
ಆರ್ಡಿಸ್

ಮರೆತ ಮಾತು: ಡೋರೀನ್‌ಗೆ ಬೈಯಬೇಡ. ಅವಳಾಗಿ ಹೇಳಿದ್ದಲ್ಲ, ನಾನೇ ಕೆದಕಿ ಕೇಳಿದ್ದು. ಊರ ಪತ್ರಿಕೆ ಮುಚ್ಚಿ ಎಷ್ಟೋ ಕಾಲವಾಯಿತು, ಓಪಲ್‌ಳ ಸುದ್ದಿ ಬಂದದ್ದು ನನ್ನ ಬಾಯಲ್ಲಿ ಮಾತ್ರ, ಹಾಗಾದರೆ ಗುಡ್ಡದಾಚೆಯ ನಿನಗೆ ಹೇಳಿದವರು ಯಾರು ಅಂತ ಅವಳ ಪ್ರಾಣ ತಿಂದೆ. ನಾನಲ್ಲ, ನಾನಲ್ಲ ಅಂದವಳು ಕೊನೆಗೆ ಬಾಯಿಬಿಟ್ಟಳು. “ದಿನಾ ಬೆಳಿಗ್ಗೆ ಟಪಾಲು ಗಾಡಿ ತಗೊಂಡು ಟಾಲೋ ಗುಡ್ಡ ಹತ್ತೋ ಹೊತ್ತಿಗೆ ಅವನ ಹಸಿರು ಪಿಕಪ್ಪು ನೆತ್ತಿ ಮೇಲೆ ನಿಂತಿರುತ್ತೆ ಕಣೆ, ಮುಖ ಬೆಲ್ ಕ್ರೀಕ್ ಕಡೆಗೆ. ನಿನ್ನ ಹವಾಮಾನ ಮುಗಿಯೋ ತನಕ ಅಲ್ಲಾಡಲ್ಲ. ನಾನು ಕೈ ಬೀಸಿದ್ರೆ ನಕ್ಷೆ ಬಿಚ್ಚಿ ಮುಖ ಮುಚ್ಕೋತಾನೆ. ಹುಟ್ಟಿ ಬೆಳೆದ ಊರಲ್ಲಿ ನಕ್ಷೆ ನೋಡ್ತಾನಂತೆ!” ಅಂದಳು. ಆ ಪಿಕಪ್ಪಿನ ಹೀಟರ್ ನೀನು ಹೋಗುವ ಮೊದಲೇ ಕೆಟ್ಟಿತ್ತು, ನೀನು ಅದನ್ನು ಮಾಡಿಸಿರುವುದಿಲ್ಲ. ಕೋಟು ಅದಕ್ಕೆ. ಶುಕ್ರವಾರದ ತನಕ ಹಾಕಿಕೊಂಡು ಕೂರು. ಸೋಮವಾರ ಅಲ್ಲಿ ನಿಂತು ಕೇಳಬೇಡ, ಅದು ನಾನಲ್ಲ. ಗುಡ್ಡ ಹತ್ತುವುದಂತೂ ನಿನಗೆ ಅಭ್ಯಾಸವಾಗಿದೆ. ಇಳಿಯುವಾಗ ಈ ಕಡೆಗೆ ಇಳಿ.